ಡಬ್ಬಿ ಬಿಸಿ ಮಾಡಿದ ಚಳಿಗಾಲ

ಹೋದ ವಾರ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಎರಡನೆಯದು ಹೆಂಚಿನ ಮೇಲೆ ಉಬ್ಬುವ ಹೊತ್ತಿಗೆ ಅಡುಗೆಮನೆಯ ಕಿಟಕಿಯಿಂದ ಬಿಸಿ ಡಾಂಬರಿನ ವಾಸನೆ ಒಳಗೆ ಬಂತು. ಪುಣೆಯ ವಾಕಡದಲ್ಲಿ ಇದೇನು ಹೊಸದಲ್ಲ. ಇಲ್ಲಿ ಒಂದು ತಿಂಗಳು ರಸ್ತೆ ಹಾಸುತ್ತಾರೆ, ಮರುತಿಂಗಳು ಅದನ್ನೇ ಅಗೆಯುತ್ತಾರೆ. ಆದರೆ ಜೋಳದ ರೊಟ್ಟಿಯ ವಾಸನೆ, ಡಾಂಬರಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದು ಮೂರು ವರ್ಷವಾಗಿತ್ತು. ನನ್ನ ಕೈ ನಿಂತುಹೋಯಿತು. ರೊಟ್ಟಿ ಸೀದು ಹೊಗೆ ಎದ್ದಾಗ ನನ್ನ ಗಂಡ ಓಡಿಬಂದು ಗ್ಯಾಸ್ ಆರಿಸಿದರು.

“ಏನಾತು?”

“ಏನಿಲ್ಲ. ಕೆಳಗ ರಸ್ತೆ ಮಾಡಾಕತ್ತಾರ.”

“ಚಲೋ ಆತಲ್ಲ. ಆ ದರಿದ್ರ ರಸ್ತೆ ಒಮ್ಮೆ ನೆಟ್ಟಗಾದ್ರ ಸಾಕಾಗೇದ,” ಎಂದು ಅವರು ಪೇಪರಿಗೆ ಮರಳಿದರು.

ಆ ದರಿದ್ರ ರಸ್ತೆಯ ಕಥೆ ಅವರಿಗೆ ಗೊತ್ತಿರಲಿಲ್ಲ. ನಾವು ಈ ಮನೆಗೆ ಬಂದು ಒಂದು ವರ್ಷವಾಗಿದೆ. ಬಾಡಿಗೆ ಮನೆ ಹುಡುಕುವಾಗ ಅವರು ಇದನ್ನು ಮೆಚ್ಚಿಕೊಂಡು ಬಂದಾಗ ನಾನು ಬೇಡ ಎನ್ನಲು ನೂರು ನೆಪ ತೆಗೆದಿದ್ದೆ. ಗಾಳಿ ಇಲ್ಲ ಅಂದೆ, ನೀರು ಸಾಲದು ಅಂದೆ. ನಿಜವಾದ ಕಾರಣ ಗೇಟಿನ ಮುಂದೆ ಉದ್ದಕ್ಕೂ ಮಲಗಿತ್ತು. ಆ ರಸ್ತೆಯನ್ನು ಕೆಡಿಸಿದವರಲ್ಲಿ ನಾನೂ ಒಬ್ಬಳು ಎಂದು ಹೇಳುವ ಧೈರ್ಯವಾಗಲಿಲ್ಲ. ಕೊನೆಗೆ ಇಲ್ಲಿಗೇ ಬಂದೆವು. ದಿನಾ ಬೆಳಿಗ್ಗೆ ಸಂಜೆ ಅದರ ಗುಂಡಿಗಳ ಮೇಲೆ ಸ್ಕೂಟರ್ ಓಡಿಸಿದ್ದೇನೆ. ಒಂದೊಂದು ಗುಂಡಿಯೂ ಸೊಂಟಕ್ಕೆ ಬಾರಿಸಿ ನೆನಪು ಮಾಡಿಕೊಟ್ಟಿದೆ.

ನಾನು ಧಾರವಾಡದವಳು. ಸಿವಿಲ್ ಎಂಜಿನಿಯರಿಂಗ್ ಓದಿ, ಮದುವೆಯಾಗಿ ಪುಣೆಗೆ ಬಂದು, ಯೆರವಡಾದ ಒಂದು ಖಾಸಗಿ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ರಸ್ತೆಗೆ ಹಾಕುವ ಖಡಿಕಲ್ಲು, ಮರಳು, ಡಾಂಬರು ಎಲ್ಲದರ ಪರೀಕ್ಷೆ ಅಲ್ಲಿ ನಡೆಯುತ್ತದೆ. ನನ್ನ ಪಾಲಿಗೆ ಬಂದದ್ದು ಡಾಂಬರು. ಖಡಿ ಮತ್ತು ಡಾಂಬರು ಬೆರೆಸಿದ ಬಿಸಿ ಮಾಲು ಎಷ್ಟು ಸಲೀಸಾಗಿ ಹರಡಿಕೊಳ್ಳುತ್ತದೆ, ಎಷ್ಟು ತಣ್ಣಗಾದ ಮೇಲೆ ಹಟ ಹಿಡಿಯುತ್ತದೆ ಎಂದು ನೋಡಿ ಬರೆಯಬೇಕು. ಅದಕ್ಕೊಂದು ಯಂತ್ರ ಇದೆ. ಉಕ್ಕಿನ ಪಾತ್ರೆಯಲ್ಲಿ ಬಿಸಿ ಮಾಲು ತುಂಬಿದರೆ ಒಳಗೊಂದು ಹುಟ್ಟು ತಿರುಗುತ್ತದೆ, ತಿರುಗಲು ಅದಕ್ಕೆಷ್ಟು ಬಲ ಬೇಕಾಯಿತು ಎಂಬುದು ಪರದೆಯ ಮೇಲೆ ಮೂಡುತ್ತದೆ. ಕಡಲೆಹಿಟ್ಟಿನ ಜುಣಕ ತಿರುವಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿ ಇರುವತನಕ ಸೌಟು ಓಡುತ್ತದೆ, ಆರಿದ ಮೇಲೆ ಸೌಟಿನ ಜೊತೆಗೆ ಪಾತ್ರೆಯೇ ತಿರುಗುತ್ತದೆ.

ಈ ಪರೀಕ್ಷೆಗೆ ಒಂದು ನೇಮವಿದೆ. ಮಾಲನ್ನು ಬೆರೆಸಿದ ಕೂಡಲೇ ಯಂತ್ರಕ್ಕೆ ಹಾಕುವಂತಿಲ್ಲ. ನಿಜವಾದ ಮಾಲು ತಯಾರಾದಲ್ಲಿಂದ ಲಾರಿಯಲ್ಲಿ ಕೂತು, ಪುಣೆಯ ಟ್ರಾಫಿಕ್ಕಿನಲ್ಲಿ ಬೇಯುತ್ತ ಬರುತ್ತದೆ. ಅಷ್ಟು ಹೊತ್ತು ಬಿಸಿಯಲ್ಲೇ ಇದ್ದುದರಿಂದ ಡಾಂಬರು ಬಿಗಿಯಾಗಿರುತ್ತದೆ. ಆದ್ದರಿಂದ ಲ್ಯಾಬಿನಲ್ಲೂ ಅದನ್ನು ಎರಡು ಗಂಟೆ ಓವನ್ನಿನಲ್ಲಿಟ್ಟು, ಹಾಗೆ ಬಿಗಿಯಾದ ಮೇಲೆ ಪರೀಕ್ಷಿಸಬೇಕು. ಎರಡು ಗಂಟೆ ಅಂದರೆ ಎರಡು ಗಂಟೆ. ಇವತ್ತು ನನ್ನ ಕೈಕೆಳಗಿನವರಿಗೆ ಇದನ್ನು ಎಷ್ಟು ಕಟ್ಟುನಿಟ್ಟಾಗಿ ಹೇಳುತ್ತೇನೆಂದರೆ, ಅವರು ಬೆನ್ನ ಹಿಂದೆ ನನ್ನನ್ನು ಹೆಡ್‌ಮಾಸ್ತರ್ ಅನ್ನುತ್ತಾರೆ.

ಮೂರು ವರ್ಷದ ಹಿಂದಿನ ಆ ಚಳಿಗಾಲದಲ್ಲಿ ನಮ್ಮಲ್ಲಿದ್ದ ಎರಡು ಓವನ್‌ಗಳಲ್ಲಿ ಒಂದು ಕೆಟ್ಟಿತ್ತು. ಅದು ಖಡಿ ಒಣಗಿಸುವ ಓವನ್. ಮಧ್ಯಾಹ್ನ ನಾವೆಲ್ಲ ಊಟದ ಡಬ್ಬಿ ಬಿಸಿ ಮಾಡಿಕೊಳ್ಳುತ್ತಿದ್ದುದು ಅದರಲ್ಲೇ. ಈ ಪದ್ಧತಿ ಶುರು ಮಾಡಿದವಳು ನಾನು. ಬೆಳಿಗ್ಗೆ ಆರಕ್ಕೆ ಬಡಿದ ರೊಟ್ಟಿ ಒಂದು ಗಂಟೆಗೆ ತೆಗೆದರೆ ಹಪ್ಪಳವಾಗಿರುತ್ತಿತ್ತು, ಎಣ್ಣೆಗಾಯಿಯ ಎಣ್ಣೆ ಹೆಪ್ಪುಗಟ್ಟಿರುತ್ತಿತ್ತು. ಒಂದು ದಿನ ಡಬ್ಬಿಯನ್ನು ಓವನ್ನಿಗೆ ನೂಕಿ ಹತ್ತು ನಿಮಿಷ ಬಿಟ್ಟು ತೆಗೆದೆ. ಪಕ್ಕದ ಮೇಜಿನ ವೈಶಾಲಿ ಅದನ್ನು ನೋಡಿ ತನ್ನ ಚಪಾತಿ ಡಬ್ಬಿ ತಂದಳು. ಮಾರನೆಯ ದಿನ ನಮ್ಮ ಸರ್ ಅವರ ಡಬ್ಬಿಯೂ ಬಂತು. ಲ್ಯಾಬಿನ ಮುಖ್ಯಸ್ಥರ ಡಬ್ಬಿಯೇ ಒಳಗೆ ಹೋದ ಮೇಲೆ ಕೇಳುವವರು ಯಾರು? ಓವನ್ ಕೆಟ್ಟಾಗ ರಿಪೇರಿಯವನು ದಿನಾ “ಉದ್ಯಾ ಯೇತೋ” ಅನ್ನುತ್ತಿದ್ದ. ಅವನ ನಾಳೆ ಎರಡು ತಿಂಗಳಾದರೂ ಬರಲಿಲ್ಲ. ಡಬ್ಬಿಗಳು ಡಾಂಬರಿನ ಓವನ್ನಿಗೆ ಹೋದವು. ಅಲ್ಲಿ ಜಾಗ ಸಾಲುತ್ತಿರಲಿಲ್ಲ. ಹೀಗಾಗಿ ಮಧ್ಯಾಹ್ನ ಒಂದು ಹೊಡೆದ ಕೂಡಲೇ ಮಾಲಿನ ತಟ್ಟೆಗಳು ಹೊರಗೆ, ಡಬ್ಬಿಗಳು ಒಳಗೆ.

ರೊಟ್ಟಿಗೆ ಡಾಂಬರಿನ ವಾಸನೆ ಹತ್ತುತ್ತಿತ್ತು. ಅದನ್ನೂ ನಗುತ್ತ ತಿಂದೆವು. ಚಳಿಗಾಲದಲ್ಲಿ ಬಿಸಿ ಊಟ ಅಂದರೆ ಮನುಷ್ಯ ಏನನ್ನಾದರೂ ಸಹಿಸಿಕೊಳ್ಳುತ್ತಾನೆ.

ಆ ದಿನಗಳಲ್ಲೇ ವಾಕಡದ ಈ ರಸ್ತೆಯ ಮಾಲು ಪರೀಕ್ಷೆಗೆ ಬಂತು. ಗುತ್ತಿಗೆದಾರರು ಡಾಂಬರಿಗೆ ಹೊಸದೊಂದು ರಸಾಯನ ಸೇರಿಸಿದ್ದರು. ಅದು ಸೇರಿದರೆ ಮಾಲನ್ನು ಅಷ್ಟೊಂದು ಕಾಯಿಸಬೇಕಿಲ್ಲ, ಕಡಿಮೆ ಬಿಸಿಯಲ್ಲೂ ಹಾಸಬಹುದು ಎಂಬ ಲೆಕ್ಕ. ಎಷ್ಟು ಕಡಿಮೆ ಎಂದು ಹೇಳಬೇಕಾದವಳು ನಾನು. ಮೂರು ದಿನ ಮೂರು ಸಲ ಪರೀಕ್ಷೆ ಮಾಡಿದೆ. ಮೂರು ದಿನವೂ ಮಾಲು ಹನ್ನೆರಡೂವರೆಯ ಸುಮಾರಿಗೆ ಓವನ್ ಸೇರಿ, ಒಂದು ಗಂಟೆಗೆ ಹೊರಗೆ ಬಂತು. ನಾವು ಊಟ ಮುಗಿಸುವತನಕ ಮೇಜಿನ ಮೇಲೆ ಆರುತ್ತ ಕೂತಿತು. ಆಮೇಲೆ ಅದನ್ನು ಬೇಗ ಬಿಸಿ ಮಾಡಿ ಯಂತ್ರಕ್ಕೆ ಹಾಕಿದೆ. ಓವನ್ನಿನಲ್ಲಿಟ್ಟ ಅವಧಿ ಬರೆಯುವ ಕಾಲಮ್ಮಿನಲ್ಲಿ ಮೊದಲ ಸಾಲಿಗೆ ‘ಎರಡು ಗಂಟೆ’ ಎಂದು ಬರೆದು, ಕೆಳಗಿನ ಸಾಲುಗಳಿಗೆಲ್ಲ ಮೇಲಿನಂತೆ ಎಂದು ಎರಡೆರಡು ಗೀಟು ಹಾಕಿದೆ. ಹಾಗೆ ಹಾಕುವುದು ಎಲ್ಲರ ರೂಢಿ. ಕೈ ತಾನಾಗಿಯೇ ಹಾಕಿತು ಎಂದರೆ ಸುಳ್ಳಾಗುತ್ತದೆ. ಗೀಟು ಹಾಕುವಾಗ ನನಗೆ ಗೊತ್ತಿತ್ತು.

ಅರ್ಧ ಗಂಟೆ ಬೆಂದ ಮಾಲು ಮೆತ್ತಗೇ ಇತ್ತು. ನೂರಾ ಹದಿನೈದು ಡಿಗ್ರಿಗೆ ಇಳಿದರೂ ಹುಟ್ಟು ಸರಾಗವಾಗಿ ತಿರುಗಿತು. ಅಷ್ಟರತನಕ ಹಾಸಲು ಅಡ್ಡಿಯಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಆ ವರದಿ ನೋಡಿ ಗುತ್ತಿಗೆದಾರರು ತಮ್ಮ ಭಟ್ಟಿಯ ಉರಿ ಇಳಿಸಿದರು.

ಹಾಸುವ ಕೆಲಸ ಶುರುವಾದ ದಿನ ಬೆಳಿಗ್ಗೆ ನನ್ನನ್ನು ಸೈಟಿಗೆ ಕಳಿಸಿದರು. ಇನ್ನೂ ಜನ ಓಡಾಡದ ಹೊಸ ರಸ್ತೆ, ಎರಡೂ ಬದಿಗೆ ಅರ್ಧ ಕಟ್ಟಿದ ಕಟ್ಟಡಗಳು. ಮಾತಾಡಿದರೆ ಬಾಯಿಂದ ಹಬೆ ಬರುವಷ್ಟು ಚಳಿ. ಲಾರಿ ಹಾಸುವ ಯಂತ್ರಕ್ಕೆ ಮಾಲು ಸುರಿಯುತ್ತಿತ್ತು. ಅದರ ಹಿಂದೆ ಆರು ಜನರ ಒಂದು ಗ್ಯಾಂಗು, ಕಬ್ಬಿಣದ ಹಲ್ಲಿನ ದಂತಾಳ ಹಿಡಿದು ಅಂಚು, ತಿರುವು, ಮೋರಿಯ ಚೇಂಬರಿನ ಸುತ್ತ ಯಂತ್ರ ಮುಟ್ಟದ ಕಡೆ ಎಲ್ಲ ಮಾಲನ್ನು ಎಳೆದು ಸಮ ಮಾಡುತ್ತಿತ್ತು. ನಾನು ಮಾಲಿನೊಳಗೆ ಥರ್ಮಾಮೀಟರ್ ಚುಚ್ಚಿ ಅಂಕಿ ಓದುತ್ತಿದ್ದೆ. ಪುಣೆಯಲ್ಲಿ ಹೊರಗೆ ಹೆಜ್ಜೆ ಇಟ್ಟರೆ ನನ್ನ ನಾಲಿಗೆ ಮರಾಠಿಗೆ ಹೊರಳುತ್ತದೆ. ಆದರೆ ಅಂಕಿ ಮಾತ್ರ ಕನ್ನಡದಲ್ಲೇ ಬರುತ್ತವೆ.

“ನೂರಾ ಹದಿನೆಂಟ…” ಎಂದು ಗೊಣಗಿದ್ದು ದಂತಾಳ ಹಿಡಿದವರಲ್ಲಿ ಹಿರಿಯನಿಗೆ ಕೇಳಿಸಿತು.

“ಅಕ್ಕಾರ, ನೀವು ನಮ್ಮ ಕಡೆಯವರೇನ್ರಿ?”

“ಧಾರವಾಡ್ರೀ.”

“ನಾವು ಯಾದಗಿರಿ ಕಡಿಂದ ಬಂದೀವ್ರಿ. ಈಗ ಯೆರವಡಾದಾಗ ಇರ್ತೀವಿ. ಸಾಯಬಣ್ಣ ಅಂತಾರ್ರಿ ನನಗ.” ಅವನು ಗ್ಯಾಂಗಿನವರ ಕಡೆ ತಿರುಗಿ, “ಏ, ಲ್ಯಾಬಿನ ಅಕ್ಕಾರು ನಮ್ಮವರಽ ಅದಾರಲೇ,” ಎಂದ. ಅವನ ಮುಖ ಅರಳಿತು. ನನಗೂ ಖುಷಿಯಾಗಬೇಕಿತ್ತು. ಸ್ವಲ್ಪ ಕಸಿವಿಸಿಯಾಯಿತು, ಯಾಕೆಂದರೆ ಗುತ್ತಿಗೆದಾರರ ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ದರು. ಈ ಕಸಿವಿಸಿಯನ್ನೂ ನನ್ನ ತಪ್ಪುಗಳ ಪಟ್ಟಿಗೆ ಸೇರಿಸಬೇಕು.

ಸಾಯಬಣ್ಣನಿಗೆ ಐವತ್ತರ ಸುಮಾರು. ದಂತಾಳವನ್ನು ಬರೀ ಎಳೆಯುತ್ತಿರಲಿಲ್ಲ. ಒಮ್ಮೆ ಎಳೆದು, ಹಲ್ಲು ಮೇಲೆ ಮಾಡಿ ಬೆನ್ನಿನಿಂದ ಸವರುತ್ತಿದ್ದ. ಅವನು ಮುಟ್ಟಿದ ಕಡೆ ಅಂಚು ಚಾಪೆಯಂತೆ ಕೂಡುತ್ತಿತ್ತು. ಎರಡನೆಯ ಲಾರಿ ಅರ್ಧ ಖಾಲಿಯಾದಾಗ ಅವನು ನನ್ನ ಹತ್ತಿರ ಬಂದ.

“ಅಕ್ಕಾರ, ಮಾಲು ಮಾತು ಕೇಳವಲ್ದ್ರಿ. ಜಗ್ಗಿದ್ರ ಉಂಡಿ ಉಂಡಿ ಬರ್ಲಾಕತ್ತದ. ಅಂಚು ಕೂಡವಲ್ದು.”

“ಪರೀಕ್ಷೆ ಮಾಡೀವ್ರೀ. ನೂರಾ ಹದಿನೈದರ ತನಕ ಏನೂ ತೊಂದ್ರಿ ಇಲ್ಲ.”

“ಅದನ್ನ ಮಾಲಿಗೆ ಯಾರರ ಹೇಳ್ಯಾರೇನ್ರಿ?”

ಗ್ಯಾಂಗು ನಕ್ಕಿತು. ಅವನು ಕುಚೋದ್ಯಕ್ಕೆ ಹೇಳಿದ್ದಲ್ಲ, ನಮ್ಮವಳು ಎಂಬ ಸಲುಗೆಗೆ ಹೇಳಿದ್ದು. ನನಗೆ ಮಾತ್ರ ಮೈ ಉರಿಯಿತು. ನನ್ನ ಸಿಟ್ಟು ಮೊದಲಿಂದಲೂ ಮೂಗಿನ ತುದಿಯಲ್ಲೇ ಇರುತ್ತದೆ. ಆ ದಿನ ಅದರ ಜೊತೆಗೆ ಆ ಎರಡು ಗೀಟುಗಳೂ ಇದ್ದವು.

“ಕುಣೀಲಾರದಕಿ ನೆಲಾ ಡೊಂಕ ಅಂದ್ಲಂತ,” ಎಂದೆ.

ನಗು ನಿಂತಿತು. ಸಾಯಬಣ್ಣ ದಂತಾಳವನ್ನು ಡೀಸೆಲ್ ಬಕೆಟ್ಟಿನಲ್ಲಿ ಅದ್ದಿಕೊಂಡು ಕೆಲಸಕ್ಕೆ ಹೋದ. ಮಾಲು ಅಂಟಬಾರದೆಂದು ದಂತಾಳಕ್ಕೆ ಚೂರು ಡೀಸೆಲ್ ಸವರುವುದು ಎಲ್ಲ ಕಡೆಯೂ ಉಂಟು.

ನಾಲ್ಕು ದಿನ ಕಳೆದಿರಬೇಕು. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ವಾಚ್‌ಮನ್ ಕರೆದ. ಗೇಟಿನಲ್ಲಿ ಸಾಯಬಣ್ಣ ಒಂದು ಗಂಟು ಹೊತ್ತು ನಿಂತಿದ್ದ. ಮಾರ್ಕೆಟ್ ಯಾರ್ಡಿಗೆ ಮರಳುತ್ತಿದ್ದ ಪರಿಚಯದ ಟೆಂಪೊದವನನ್ನು ಕಾಡಿ ಬೇಡಿ ಅರ್ಧ ದಾರಿ ಬಂದು, ಉಳಿದದ್ದನ್ನು ನಡೆದಿದ್ದ. ಗಂಟು ಬಿಚ್ಚಿದರೆ ಒಂದು ಕೌದಿ. ಹಳೆಯ ಇಳಕಲ್ಲ ಸೀರೆಯ ತುಂಡುಗಳನ್ನು ಕೂಡಿಸಿ ಸಣ್ಣ ಸಣ್ಣ ಹೊಲಿಗೆ ಹಾಕಿದ ಕೌದಿ. ಅದರೊಳಗೆ ಮುಚ್ಚಿದ ಡಬ್ಬಾ, ಡಬ್ಬಾದೊಳಗೆ ಮಾಲು.

“ಲಾರಿಯಿಂದ ಇಳಿದಿದ್ದು ಹಂಗಽ ತಂದೀನ್ರಿ. ಆರಬಾರ್ದಂತ ಕೌದಿ ಸುತ್ತೀನಿ. ಒಮ್ಮೆ ನಿಮ್ಮ ಮಷೀನಿಗೆ ಹಾಕಿ ನೋಡ್ರಿ. ನನ್ನ ಕೈದೇ ತಪ್ಪಿದ್ರ ಅದನ್ನೂ ಹೇಳ್ರಿ, ಬ್ಯಾಸರ ಇಲ್ಲ.”

“ಇಟ್ಟು ಹೋಗ್ರಿ. ನೋಡ್ತೀನಿ.”

“ಕೌದಿ ನಾಳೆ ಒಯ್ತೀನ್ರಿ. ನನ್ನ ಹೆಂಡ್ತೀದದು. ಕೇಳ್ದಂಗ ತಂದೀನಿ, ಬೈತಾಳ.”

ಅವನು ಹೋದ ಮೇಲೆ ನಾನು ಆ ಮಾಲನ್ನು ಬಿಸಿ ಮಾಡಿ ಯಂತ್ರಕ್ಕೆ ಹಾಕಿದೆ. ಲಾರಿಯಲ್ಲಿ ನಿಜವಾಗಿ ಬೆಂದು ಬಂದ ಮಾಲು ಅದು. ನೂರಾ ನಲವತ್ತರಲ್ಲಿ ಹುಟ್ಟು ಚೆನ್ನಾಗಿ ತಿರುಗಿತು. ನೂರಾ ಮೂವತ್ತಕ್ಕೆ ಬರುವಾಗಲೇ ಮೋಟರಿನ ಸದ್ದು ಬದಲಾಯಿತು. ನೂರಾ ಇಪ್ಪತ್ತರಲ್ಲಿ ಯಂತ್ರ ನರಳತೊಡಗಿತು. ಆರಿಸಿ, ಉಳಿದರ್ಧ ಮಾಲು ಹಾಕಿ ಮತ್ತೆ ನೋಡಿದೆ. ಅದೇ ಫಲ. ಸಾಯಬಣ್ಣನ ಕೈ ನಾಲ್ಕು ದಿನದ ಹಿಂದೆಯೇ ಹೇಳಿದ್ದನ್ನು ಯಂತ್ರ ಈಗ ಗೆರೆ ಎಳೆದು ತೋರಿಸಿತು. ಹಾಳೆ ಹೊರಗೆ ಬಂತು. ಹಳೆಯ ಹಾಳೆಯ ಪಕ್ಕ ಇಟ್ಟರೆ ಹತ್ತನೆಯ ತರಗತಿಯ ಮಕ್ಕಳಿಗೂ ವ್ಯತ್ಯಾಸ ಗೊತ್ತಾಗುವಂತಿತ್ತು.

ಆಗ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ರಸ್ತೆ ಇನ್ನೂ ಅರ್ಧ ಬಾಕಿ ಇತ್ತು. ಉರಿ ಏರಿಸಿ ಎಂದು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಮೊದಲಿನ ವರದಿ ಯಾಕೆ ತಪ್ಪಿತು ಎಂದು ಕೇಳುತ್ತಾರಲ್ಲ? ಲಂಚ ತಿಂದು ಸುಳ್ಳು ಬರೆದಿದ್ದರೆ ಒಪ್ಪಿಕೊಳ್ಳಲು ಒಂದು ದೊಡ್ಡ ಪಾಪವಾದರೂ ಇರುತ್ತಿತ್ತು. ನಾನು ಮಾಡಿದ್ದು ಎಣ್ಣೆಗಾಯಿ ಬಿಸಿ ಮಾಡಿಕೊಂಡದ್ದು. ಗುತ್ತಿಗೆದಾರರ ಎಂಜಿನಿಯರಿಗೆ ಫೋನ್ ಮಾಡಿ “ನಮ್ಮ ಊಟದ ಡಬ್ಬಿಗೆ ಜಾಗ ಬೇಕಿತ್ತು” ಎಂದು ಹೇಳುವುದನ್ನು ಎಣಿಸಿಕೊಂಡೇ ಕಿವಿ ಬಿಸಿಯಾದವು. ಆ ಸಣ್ಣ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಹಾಳೆಯನ್ನು ಮಡಚಿ, ಕೌದಿಯೊಳಗೆ ಸೇರಿಸಿ, ಬೀರುವಿನ ಕೆಳಗಿನ ಖಾನೆಗೆ ತುರುಕಿದೆ. ಮಾರನೆಯ ದಿನ ಸಾಯಬಣ್ಣ ಬಂದಾಗ ನಾನಿಲ್ಲ ಎಂದು ಹೇಳಲು ವಾಚ್‌ಮನ್‌ಗೆ ಹೇಳಿದ್ದೆ. ಕಿಟಕಿಯ ಪರದೆ ಸರಿಸಿ ನೋಡಿದರೆ ಅವನು ಅರ್ಧ ಗಂಟೆ ಗೇಟಿನ ಹೊರಗೆ ಕುಕ್ಕುರುಗಾಲಿನಲ್ಲಿ ಕೂತು ಕಾದು, ಎದ್ದು ಹೋದ. ಆಮೇಲೆ ಬರಲಿಲ್ಲ.

ರಸ್ತೆ ಮುಗಿದ ಕೆಲವು ದಿನಕ್ಕೆ ಹೊತ್ತಲ್ಲದ ಹೊತ್ತಿನಲ್ಲಿ ಎರಡು ದಿನ ಜಡಿಮಳೆ ಹಿಡಿಯಿತು. ಅಂಚುಗಳು ಮೊದಲು ಬಿಟ್ಟುಕೊಂಡವು. ಚೇಂಬರುಗಳ ಸುತ್ತ ಖಡಿ ಎದ್ದು ಹಲ್ಲು ಉದುರಿದ ಬಾಯಿಯಂತಾಯಿತು. ಸೈಟಿನ ತಗಡಿನ ಶೆಡ್ಡಿನಲ್ಲಿ ಸಭೆ ಕೂಡಿತು. ನಮ್ಮ ಸರ್ ಜೊತೆ ನಾನೂ ಹೋದೆ. ಗ್ಯಾಂಗಿನವರು ಹೊರಗೆ ರೋಲರಿನ ನೆರಳಿನಲ್ಲಿ ನಿಂತಿದ್ದರು.

ಮಾಲಿನ ತಪ್ಪಲ್ಲ, ಲ್ಯಾಬಿನ ವರದಿ ಇದೆ ಎಂದು ಗುತ್ತಿಗೆದಾರರ ಎಂಜಿನಿಯರ್ ಮೇಜಿನ ಮೇಲೆ ನನ್ನ ವರದಿ ಇಟ್ಟರು. ದಂತಾಳದವರು ಕೆಲಸ ಹಗುರ ಮಾಡಿಕೊಳ್ಳಲು ಮಾಲಿಗೆ ಡೀಸೆಲ್ ಹೊಡೆದಿದ್ದಾರೆ, ಡಾಂಬರು ತೊಳೆದುಹೋಗಿದೆ ಎಂದರು. ಮಾಲು ಗಟ್ಟಿಯಾದಾಗ ಗ್ಯಾಂಗಿನವರು ಡೀಸೆಲ್ ಸ್ವಲ್ಪ ಜಾಸ್ತಿಯೇ ಸವರಿದ್ದು ನಿಜವಿರಬೇಕು. ಗಟ್ಟಿ ಯಾಕಾಯಿತು ಎಂದು ಯಾರೂ ಕೇಳಲಿಲ್ಲ. ಎಂಜಿನಿಯರ್ ನನ್ನ ಕಡೆ ತಿರುಗಿ, ಡೀಸೆಲ್ಲಿನಿಂದ ಹೀಗೆ ಆಗಬಹುದೇ ಎಂದು ಮರಾಠಿಯಲ್ಲಿ ಕೇಳಿದರು.

“ಹೋವೂ ಶಕತಂ,” ಎಂದೆ. ಆಗಬಹುದು.

ಎರಡೇ ಮಾತು. ಯಾವ ಪುಸ್ತಕ ತೆರೆದು ನೋಡಿದರೂ ಅದು ಸುಳ್ಳಲ್ಲ. ಡೀಸೆಲ್ ಬಿದ್ದರೆ ಡಾಂಬರು ಕೆಡಬಹುದು. ಇಷ್ಟು ಜಾಣತನದ ನಿಜವನ್ನು ನಾನು ಹಿಂದೆ ಆಡಿರಲಿಲ್ಲ, ಮುಂದೆಯೂ ಆಡಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರೆ. ಬರೆಯ ಕಬ್ಬಿಣ ಕಾಯಿಸಿ ಕೊಟ್ಟವಳು ನಾನು. ಸಭೆ ಅಲ್ಲಿಗೆ ಮುಗಿಯಿತು. ಸಂಜೆಯೊಳಗೆ ಗ್ಯಾಂಗನ್ನು ತೆಗೆದುಹಾಕಿದರು. ನಾನು ಶೆಡ್ಡಿನಿಂದ ಹೊರಗೆ ಬಂದಾಗ ಸಾಯಬಣ್ಣ ಕೈ ಎತ್ತಿ “ನಮಸ್ಕಾರ್ರೀ ಅಕ್ಕಾರ” ಎಂದ. ನಾನು ಫೋನ್ ಕಿವಿಗೆ ಹಿಡಿದುಕೊಂಡು ಕಾರು ಹತ್ತಿದೆ. ಫೋನಿನಲ್ಲಿ ಯಾರೂ ಇರಲಿಲ್ಲ.

ಮರುವರ್ಷ ನನಗೆ ಬಡ್ತಿ ಸಿಕ್ಕಿತು. ನಾನು ಕೇಳಿದ ಮೊದಲ ಸೌಕರ್ಯ ಲ್ಯಾಬಿಗೆ ಒಂದು ಮೈಕ್ರೋವೇವ್. ಅದು ಬಂತು. ಡಬ್ಬಿಗಳು ಅದಕ್ಕೆ ಹೋದವು, ಮಾಲು ಎರಡು ಗಂಟೆ ಓವನ್ನಿನಲ್ಲಿ ಕೂತಿತು. ನಾನು ಮಾತ್ರ ತಣ್ಣಗಿನ ಊಟ ಮಾಡತೊಡಗಿದೆ. ಅದರಿಂದ ಯಾರಿಗೂ ಏನೂ ಲಾಭವಾಗಲಿಲ್ಲ. ಕೌದಿಯನ್ನು ಮನೆಗೆ ತಂದು ಸೀಮೆಎಣ್ಣೆ ಹಾಕಿ ತಿಕ್ಕಿದೆ. ಡಾಂಬರಿನ ಕಲೆ ಹೋಗಲಿಲ್ಲ. ಎಸೆಯಲೂ ಆಗದೆ, ಕೊಡಲೂ ಆಗದೆ ಅಟ್ಟದ ಮೇಲಿಟ್ಟೆ, ಹಾಳೆಯ ಸಮೇತ.

ಇಷ್ಟೆಲ್ಲ ಒಂದು ಸೀದ ರೊಟ್ಟಿಯ ಹಿಂದೆ ಬಂತು. ಹೋದ ವಾರದ ಆ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡಲು ಕೆಳಗೆ ಇಳಿದೆ. ಹಳೆಯ ರಸ್ತೆಯ ಮೇಲ್ಪದರ ಕೆರೆದು ಹಾಕಿದ್ದರು. ಲಾರಿ ನಿಂತಿತ್ತು, ಹೊಸ ಗ್ಯಾಂಗು ದಂತಾಳ ಹಿಡಿದಿತ್ತು. ಎಲ್ಲರಿಗಿಂತ ಮುಂದೆ ಒಬ್ಬ ಮನುಷ್ಯ ಉದ್ದನೆಯ ಕಸಬರಿಗೆಯಿಂದ ನೆಲದ ಧೂಳು ಗುಡಿಸುತ್ತ ಬರುತ್ತಿದ್ದ. ತಲೆಗೆ ಟವೆಲ್ ಸುತ್ತಿತ್ತು. ಕಸಬರಿಗೆಯನ್ನು ಒಮ್ಮೆ ಎಳೆದು, ಬೆನ್ನು ತಿರುವಿ ಸವರುವ ಆ ಕೈ ನೋಡಿ ಗುರುತು ಹಿಡಿದೆ. ಸ್ಕೂಟರ್ ತಿರುಗಿಸಿ ಹಿಂದಿನ ಗೇಟಿನಿಂದ ಹೋಗಬಹುದಿತ್ತು. ನಿಜ ಹೇಳುತ್ತೇನೆ, ತಿರುಗಿಸಿಯೂ ಇದ್ದೆ. ಅಷ್ಟರಲ್ಲಿ ಅವನೇ ನೋಡಿದ.

“ಅಕ್ಕಾರ! ಧಾರವಾಡದ ಅಕ್ಕಾರು ಹೌದಲ್ರಿ?”

“ಹೌದ್ರೀ.” ಸ್ಕೂಟರ್ ನಿಲ್ಲಿಸಿದೆ. “ಸಾಯಬಣ್ಣ, ದಂತಾಳ ಬಿಟ್ರೇನು?”

“ಬಿಟ್ಟೆನ್ರಿ. ಅವತ್ತಽ ಬಿಟ್ಟೆ. ಸೂಪರ್ವೈಸರ್ ಹೇಳಿದ, ಲ್ಯಾಬಿನವರು ನೋಡಿ ನಿಮ್ಮ ತಪ್ಪು ಅಂದಾರ ಅಂತ. ನಾ ತಂದ ಮಾಲಽ ನೀವು ಮಷೀನಿಗೆ ಹಾಕಿದ್ರಿ. ನಮ್ಮವರಽ ನೋಡಿ ಹೇಳಿದ ಮ್ಯಾಲ ಖರೇನಽ ಇರ್ಬೇಕು. ಕೈಗೆ ವಯಸ್ಸಾಗೇದ, ಚಲೋ ಮಾಲು ಗಟ್ಟಿ ಅನಸ್ಲಾಕತ್ತದ ಅಂತ ತಿಳಕೊಂಡೆ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮೂರು ವರ್ಷ ಈ ಮನುಷ್ಯ ನನ್ನನ್ನು ನಂಬಿ ತನ್ನ ಕೈಯನ್ನು ನಂಬದೆ ಬದುಕಿದ್ದ. ಅಲ್ಲೇ, ಕೆರೆದ ರಸ್ತೆಯ ಮೇಲೆ, ಗೇಟಿನ ವಾಚ್‌ಮನ್ ನೋಡುತ್ತಿರುವಾಗಲೇ ಎಲ್ಲ ಹೇಳಿದೆ. ಓವನ್, ಡಬ್ಬಿ, ಎರಡು ಗೀಟು, ಅವನ ಮಾಲು ಯಂತ್ರದಲ್ಲಿ ನರಳಿದ್ದು, ಬೀರುವಿನ ಖಾನೆ, ಶೆಡ್ಡಿನಲ್ಲಿ ಆಡಿದ ಎರಡು ಮಾತು. 

ಸಾಯಬಣ್ಣ ಕಸಬರಿಗೆಗೆ ಆತು ನಿಂತು ನೆಲ ನೋಡಿದ.

“ಅಂದ್ರ ನೆಲ ಖರೇನಽ ಡೊಂಕಿತ್ತು,” ಎಂದ.

ನಾನು ಮರೆತೇಬಿಟ್ಟಿದ್ದ ನನ್ನ ಆ ಗಾದೆಯನ್ನು ಅವನು ಮೂರು ವರ್ಷ ಇಟ್ಟುಕೊಂಡಿದ್ದ.

“ಮೂರು ವರ್ಷ ನನ್ನ ಕೈಗೆ ನಾನಽ ಬೈದೀನ್ರಿ ಅಕ್ಕಾರ,” ಎಂದ. ಈಗ ಧ್ವನಿ ಏರಿತು. “ಒಂದು ಮಾತು. ಅವತ್ತ ಗೇಟಿಗೆ ಬಂದು ಒಂದು ಮಾತು ಹೇಳಬಾರ್ದಿತ್ತೇನ್ರಿ?”

“ತಪ್ಪಾತ್ರೀ. ನಾ ಆ ಹಾಳಿ ನಮ್ಮ ಸರ್‌ಗೆ ಕೊಡ್ತೀನಿ. ಬೇಕಂದ್ರ ಕಂಪನಿಗೂ ಬರದು ಕೊಡ್ತೀನಿ.”

“ಕಾಗದ ನಿಮಗ ಬಿಟ್ಟಿದ್ದು. ಕಾಗದದಿಂದ್ಲಽ ಇಷ್ಟೆಲ್ಲ ಆತು. ನಮ್ಮ ಗ್ಯಾಂಗಿನ ಮಂದಿ ಇನ್ನೂ ನನಗ ಅಂತಾರ, ನಿನ್ನ ಕೈಯಿಂದ ಎಲ್ಲರ ಕೆಲಸ ಹೋತು ಅಂತ. ಐತವಾರ ಯೆರವಡಾಕ್ಕ ಬರ್ರಿ. ಅವರ ಮುಂದ ಬಾಯಿಲೆ ಹೇಳ್ರಿ. ನಮ್ಮ ಭಾಷಾದಾಗ.”

ಅವನು ಮತ್ತೆ ಗುಡಿಸತೊಡಗಿದ. ಹೋಗಿ ಬರ್ರಿ ಎನ್ನಲಿಲ್ಲ.

ಮಾರನೆಯ ದಿನ ಹಾಳೆಯನ್ನು ನಮ್ಮ ಸರ್ ಮೇಜಿನ ಮೇಲಿಟ್ಟು, ಅದರ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಆತಾ ಕಶಾಲಾ?” ಎಂದರು. ಈಗ ಯಾಕೆ ಎಂಬ ಪ್ರಶ್ನೆ ಅದು. ಬರೆದು ಕೊಡುತ್ತೇನೆ ಎಂದೆ. ಬರೆದು ಕೊಟ್ಟೆ. ಅದರಿಂದ ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಗಂಡನಿಗೂ ಹೇಳಿದೆ. 

ಭಾನುವಾರ ಕೌದಿಯನ್ನು ಚೀಲದಲ್ಲಿ ಹಾಕಿಕೊಂಡು ಯೆರವಡಾಕ್ಕೆ ಹೋದೆ. ಒಂದು ಕೋಣೆಯ ಮನೆ, ಮುಂದೆ ಸಿಮೆಂಟಿನ ಕಟ್ಟೆ. ಗ್ಯಾಂಗಿನ ಉಳಿದ ಐವರಲ್ಲಿ ಮೂವರು ಬಂದಿದ್ದರು. ಇಬ್ಬರು ತೊಗರಿ ರಾಶಿಗೆಂದು ಊರಿಗೆ ಹೋಗಿದ್ದರು. ಅವರಿಗೆ ಕೇಳಲಿ ಎಂದು ಸಾಯಬಣ್ಣ ಫೋನ್ ಹಚ್ಚಿ ಕಟ್ಟೆಯ ಮೇಲಿಟ್ಟ. ನಾನು ನಿಂತೇ ಹೇಳಿದೆ. ಮೊದಲು ಹೇಳಿದ್ದಕ್ಕಿಂತ ಸುಲಭವಾಗಲಿಲ್ಲ, ಇನ್ನೂ ಕಷ್ಟವಾಯಿತು. ಯಾಕೆಂದರೆ ಲ್ಯಾಬು, ಓವನ್, ಡಿಗ್ರಿ ಎಂಬ ಮಾತೆಲ್ಲ ತೆಗೆದು ಹೇಳಿದಾಗ ಉಳಿಯುವುದು ಇಷ್ಟೇ: ನಮ್ಮ ಊಟ ಬಿಸಿಯಾಗಲಿ ಎಂದು ನಿಮ್ಮ ಮಾಲನ್ನು ಅರ್ಧಕ್ಕೆ ತೆಗೆದೆ, ಸುಳ್ಳು ಬರೆದೆ, ಗೊತ್ತಾದ ಮೇಲೂ ಸುಮ್ಮನಿದ್ದೆ.

“ಡಬ್ಬಿ ಸಲುವಾಗಿ?” ಎಂದ ಒಬ್ಬ. ಫೋನಿನಿಂದಲೂ ಅದೇ ಪ್ರಶ್ನೆ ಬಂತು. “ಏನಂದ್ರು? ಡಬ್ಬಿ ಸಲುವಾಗಿ?”

“ಹೌದು,” ಎಂದೆ.

 ಒಬ್ಬ ಎದ್ದು ಸಾಯಬಣ್ಣನ ಹತ್ತಿರ ಹೋಗಿ ಅವನ ಪಕ್ಕ ಕೂತ. ಅಷ್ಟೇ ಮಾಡಿದ. ಸಾಯಬಣ್ಣ ತನ್ನ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಎಂಬಂತೆ ಅವನ್ನೇ ನೋಡುತ್ತಿದ್ದ.

ಅವನ ಹೆಂಡತಿ ಭೀಮವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೌದಿ ಅವಳ ಕೈಗೆ ಕೊಟ್ಟೆ. ಬಿಡಿಸಿದಳು, ಕಲೆ ನೋಡಿದಳು, ಉಗುರಿನಿಂದ ಕೆರೆದಳು.

“ನಮ್ಮವ್ವನ ಸೀರಿದು,” ಎಂದಳು. “ಎಲ್ಲಿ ಹಾಕಿ ಬಂದಿ ಅಂತ ಮೂರು ವರ್ಷ ಇವನ ತಲಿ ತಿಂದೀನಿ. ಲ್ಯಾಬಿನ ಅಕ್ಕಾರ ಹತ್ರ ಅದ ಅಂತಿದ್ದ. ಅಷ್ಟು ದೊಡ್ಡವರು ನಿನ್ನ ಕೌದಿ ಯಾಕ ಇಟ್ಕೋತಾರ ಅಂತಿದ್ದೆ.”

ಕೌದಿ ಮಡಚಿಕೊಂಡು ಒಳಗೆ ಹೋದಳು. ನಾನು ಹೊರಡಲು ಚಪ್ಪಲಿ ಹುಡುಕುತ್ತಿದ್ದೆ. ಅವಳು ಒಳಗಿನಿಂದಲೇ ಕೂಗಿದಳು, “ಕುಂದರ್ರಿ. ಊಟದ ಹೊತ್ತಿಗೆ ಬಂದವರು ಹಂಗಽ ಹೋಗಬಾರ್ದು.”

ಬೇಡ ಎನ್ನಲು ನನಗೆ ಯಾವ ಬಾಯಿ ಇತ್ತು? ಕಟ್ಟೆಯ ಮೇಲೆ ಕೂತೆ. ಅವಳು ತಾಟು ತಂದು ನನ್ನ ಮುಂದಿಟ್ಟಳು. ಎಣ್ಣೆಗಾಯಿ, ಶೇಂಗಾ ಹಿಂಡಿ ಚಟ್ನಿ, ಆಗಷ್ಟೇ ಹೆಂಚಿನಿಂದ ಇಳಿದ ರೊಟ್ಟಿ. ಹಬೆ ಇನ್ನೂ ಆಡುತ್ತಿತ್ತು. ಮುರಿಯಲು ಹೋಗಿ ಬೆರಳು ಸುಟ್ಟುಕೊಂಡು ಕೈ ಹಿಂದೆ ತೆಗೆದೆ. ಎಲ್ಲರೂ ನೋಡುತ್ತಿದ್ದರು. ಆರಲಿ ಎಂದು ತಾಟನ್ನು ಸ್ವಲ್ಪ ಆಚೆ ಸರಿಸಿದೆ.

ಭೀಮವ್ವ ಅದನ್ನು ಮತ್ತೆ ನನ್ನ ಮುಂದಕ್ಕೆ ಸರಿಸಿದಳು.

“ಬಿಸಿದಽ ತಿನ್ರಿ,” ಎಂದಳು. “ನಿಮಗ ಬಿಸಿದು ಬೇಕಲ್ಲ.”

ತಿಂದೆ. ಒಂದು ತುಣುಕೂ ಬಿಡದೆ ತಿಂದೆ.